ನೀಲಿ ಗೋಡೆ ಕೆರೆದ ಬೇಸಿಗೆ

ಹೊಳೆನರಸೀಪುರದ ಕೋಟೆ ಕಡೆಯ ಆ ಮನೆಗೆ ನಾನು ಹೆಂಡತಿಯಾಗಿ ಬಂದಾಗ ನನಗೆ ನಲವತ್ತು ದಾಟಿತ್ತು. ನನ್ನ ಗಂಡನಿಗೆ ಅದು ಎರಡನೆಯ ಮದುವೆ, ನನಗೆ ಮೊದಲನೆಯದು. ಅವರು ಊರಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮೊದಲ ಹೆಂಡತಿ ಕಾಯಿಲೆಯಿಂದ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಒಬ್ಬಳೇ ಮಗಳು, ಆ ವರ್ಷ ತಾನೇ ಪಿಯುಸಿಗೆ ಸೇರಿದ್ದಳು.

ನಾನು ಅರಕಲಗೂಡಿನವಳು. ಪೇಟೆಯಲ್ಲಿ ನಮ್ಮದು ಬಣ್ಣದ ಅಂಗಡಿ. ಅಪ್ಪನ ಕಾಲದಿಂದ ಬಂದದ್ದು, ಅಪ್ಪ ಹೋದ ಮೇಲೆ ನಾನೂ ತಮ್ಮನೂ ನಡೆಸುತ್ತಿದ್ದೆವು. ಶಾಲೆಯ ಗೋಡೆಗಳಿಗೆ ಬಣ್ಣ ಕೊಳ್ಳಲು ಬಂದ ಮೇಷ್ಟ್ರು ಮತ್ತೆ ಮತ್ತೆ ಏನೇನೋ ನೆಪದಲ್ಲಿ ಬಂದರು. ನಾವು ವಿಭೂತಿ ಹಚ್ಚುವ ವ್ಯಾಪಾರದವರು, ಅವರು ಹೊಲಗದ್ದೆಯ ಮನೆತನದವರು. ಎರಡೂ ಕಡೆ ಯಾರೂ ಜಗಳವಾಡಲಿಲ್ಲ, ಯಾರೂ ಸಂಭ್ರಮಪಡಲೂ ಇಲ್ಲ. ರಿಜಿಸ್ಟರ್ ಮದುವೆಯಾಯಿತು. ಆಮೇಲೂ ನಾನು ಬೆಳಗಿನ ಬಸ್ಸಿಗೆ ಅರಕಲಗೂಡಿಗೆ ಹೋಗಿ ಸಂಜೆ ವಾಪಸಾಗುತ್ತಿದ್ದೆ.

ಮನೆಯ ಉಳಿದ ಕೋಣೆಗಳಿಗೆಲ್ಲ ಮಾಸಿದ ಕ್ರೀಮ್ ಬಣ್ಣ. ಮಗಳ ಕೋಣೆ ಮಾತ್ರ ಬೇರೆ. ಬಂದ ಹೊಸತರಲ್ಲಿ ಒಂದು ಭಾನುವಾರ ಒಗೆದ ಬಟ್ಟೆ ಮಡಚಿಕೊಂಡು ಅವಳ ಕೋಣೆಗೆ ಹೋದೆ. ಅವಳು ಹಿತ್ತಲಲ್ಲಿದ್ದಳು. ನಾಲ್ಕೂ ಗೋಡೆಗೆ ನವಿಲುಗರಿಯ ನೀಲಿ. ಅದೂ ಎಣ್ಣೆ ಬಣ್ಣ, ನಾವು ಗೇಟಿಗೂ ಕಿಟಕಿ ಸರಳಿಗೂ ಕೊಡುವ ಹೊಳೆಯುವ ಎನಾಮೆಲ್. ಕಿಟಕಿಯ ಬೆಳಕು ಅದರ ಮೇಲೆ ನೀರಿನ ಮೇಲೆ ಬಿದ್ದ ಹಾಗೆ ಜಾರುತ್ತಿತ್ತು. ಆದರೆ ಒಳಗೆಲ್ಲ ಒದ್ದೆ ಗೋಣಿಚೀಲದ ವಾಸನೆ. ಮಂಚದ ಪಕ್ಕದ ಗೋಡೆಯಲ್ಲಿ, ಸೊಂಟದೆತ್ತರಕ್ಕೆ, ಬಣ್ಣ ಹಪ್ಪಳದ ಹಾಗೆ ಉಬ್ಬಿತ್ತು. ಅಂಗಡಿಯಲ್ಲಿ ಬೆಳೆದ ಕೈ ಸುಮ್ಮನಿರಲಿಲ್ಲ. ಅಂಗೈ ಇಟ್ಟು ನೋಡಿದೆ. ಗೋಡೆ ತಣ್ಣಗೆ ಕೊರೆಯುತ್ತಿತ್ತು. ಉಬ್ಬಿದ್ದು ಅಲ್ಲೇ ಬಿರಿದು ಒಂದು ಚಕ್ಕೆ ನನ್ನ ಕೈಗೆ ಬಂತು. ಅದರ ಹಿಂದೆ ಗೋಡೆ ಕರ್ರಗೆ ಬೂಷ್ಟು ಹಿಡಿದಿತ್ತು.

"ಮುಟ್ಟಬೇಡಿ," ಎಂದಳು ಹುಡುಗಿ. ಬಾಗಿಲಲ್ಲಿ ನಿಂತಿದ್ದಳು. ಬಂದು ಚಕ್ಕೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ಬಟ್ಟೆಯನ್ನೂ ತೆಗೆದುಕೊಂಡಳು. ನಾನು ಹೊರಗೆ ಬಂದೆ, ಬಾಗಿಲು ಮುಚ್ಚಿತು.

ಆ ಸಂಜೆ ನನ್ನ ಗಂಡ ಹೇಳಿದರು. ಆ ಗೋಡೆಗಳಿಗೆ ಬಣ್ಣ ಬಳಿದವಳು ಅವಳ ಅಮ್ಮ. ಕಾಯಿಲೆ ಗೊತ್ತಾಗುವುದಕ್ಕೆ ಮುಂಚೆ, ಒಂದು ದಸರಾ ರಜೆಯಲ್ಲಿ, ಆಳು ಕರೆಯದೆ ತಾಯಿ ಮಗಳು ಇಬ್ಬರೇ ಸೇರಿ ಬಳಿದಿದ್ದರು. ಗೋಡೆಗೆ ಈ ಬಣ್ಣ ಬೇಡ ಎಂದು ಅಂಗಡಿಯವನು ಹೇಳಿದರೂ ಕೇಳಿರಲಿಲ್ಲವಂತೆ. ಹೊಳೆಯಬೇಕು ಎಂದು ಆಕೆಗೆ ಹಠ.

"ಅದೊಂದು ಹಾಗೇ ಇರ್ಲಿ," ಎಂದರು. ಅವರು ಆ ಕೋಣೆಯೊಳಗೆ ಹೋಗಿದ್ದನ್ನು ನಾನು ನೋಡಿಯೇ ಇರಲಿಲ್ಲ. ಮಗಳನ್ನು ಕರೆಯಬೇಕಾದರೂ ಹೊಸ್ತಿಲಾಚೆಯೇ ನಿಂತು ಕರೆಯುತ್ತಿದ್ದರು.

ಹಾಗೇ ಇರಲಿ ಎಂದರೆ ಗೋಡೆ ಇರಬೇಕಲ್ಲ. ಹೊಳೆ ಹತ್ತಿರದ ಹಳೆಯ ಮನೆ, ಮಣ್ಣು ಇಟ್ಟಿಗೆಗೆ ಸುಣ್ಣದ ಗಾರೆ. ಅಂಥ ಗೋಡೆ ನೆಲದ ತೇವವನ್ನು ದೀಪದ ಬತ್ತಿಯಂತೆ ಮೇಲಕ್ಕೆ ಎಳೆಯುತ್ತದೆ. ಮೇಲೆ ಬರೀ ಸುಣ್ಣ ಇದ್ದಾಗ ಆ ತೇವ ಹಗಲಲ್ಲಿ ಆರಿ ಹೋಗುತ್ತಿತ್ತು. ಎಣ್ಣೆ ಬಣ್ಣ ಬಳಿದದ್ದು ಪ್ಲಾಸ್ಟಿಕ್ ಹೊದಿಸಿದ ಹಾಗಾಗಿತ್ತು. ನೀರು ಹಿಂದೆಯೇ ನಿಂತು ಉಪ್ಪು ಉಕ್ಕಿಸಿ, ಬೂಷ್ಟು ಬೆಳೆಸಿ, ಬಣ್ಣವನ್ನು ಒಳಗಿನಿಂದ ತಳ್ಳುತ್ತಿತ್ತು. ಇದನ್ನು ನಾನು ಗಂಡನಿಗೆ ಒಂದು ಸಲ ಹೇಳಿದೆ. ಅವರು ತಲೆಯಾಡಿಸಿ ಪೇಪರ್ ತಿದ್ದುವುದಕ್ಕೆ ಕೂತರು.

ಚಳಿಗಾಲಕ್ಕೆ ಹುಡುಗಿಗೆ ಕೆಮ್ಮು ಶುರುವಾಯಿತು. ಒಣಕೆಮ್ಮು, ಬೆಳಗಿನ ಜಾವದಲ್ಲಿ ಹೆಚ್ಚು. ಊರಿನ ಡಾಕ್ಟರು ಸಿರಪ್ ಕೊಟ್ಟರು, ಇಳಿಯಿತು, ಮತ್ತೆ ಬಂತು. ಅಜ್ಜಿಯ ಊರಿಗೆ ಹೋಗಿ ಇದ್ದು ಬಂದಾಗಲೆಲ್ಲ ಕೆಮ್ಮು ಇರುತ್ತಿರಲಿಲ್ಲ. ವಾಪಸು ಬಂದ ಮೂರನೆಯ ದಿನಕ್ಕೆ ಹಾಜರು. ನನಗೆ ಗೊತ್ತಾಗುತ್ತಿತ್ತು. ಅವಳಿಗೂ ಗೊತ್ತಾಗಿತ್ತು ಅಂತ ನನ್ನ ಅನುಮಾನ, ಯಾಕೆಂದರೆ ಒಂದು ದಿನ ಅಂಗಡಿಯಿಂದ ಬಂದು ನೋಡಿದರೆ ಅವಳ ಬಟ್ಟೆಯ ಬೀರು ಉಬ್ಬಿದ ಗೋಡೆಗೆ ಅಡ್ಡವಾಗಿ ಬಂದು ನಿಂತಿತ್ತು. ಅಷ್ಟು ಭಾರದ ಬೀರುವನ್ನು ಒಬ್ಬಳೇ ಹೇಗೆ ಎಳೆದಳೋ. ನಾನು ಕೇಳಲಿಲ್ಲ. ಆ ಮನೆಯಲ್ಲಿ ಆಗ ನಾವು ಮೂವರೂ ಹಾಗೇ ಇದ್ದೆವು, ಕೇಳದೆ, ಊಟಕ್ಕೆ ಮಾತ್ರ ಒಟ್ಟಿಗೆ ಕೂತು, ಉಪ್ಪು ಕೊಡಿ, ಸಾರು ಸಾಕು ಎಂದಷ್ಟೇ ಮಾತಾಡುತ್ತ.

ಪರೀಕ್ಷೆ ಮುಗಿದ ಮಾರನೆಯ ದಿನವೋ ಅದರ ಮಾರನೆಯ ದಿನವೋ, ಭಾನುವಾರ ಮಧ್ಯಾಹ್ನ. ಅವಳು ಕೋಣೆ ಗುಡಿಸುತ್ತೇನೆಂದು ಬಾಗಿಲು ಹಾಕಿಕೊಂಡಳು. ನಾನು ಅಡುಗೆಮನೆಯಲ್ಲಿ ಕಾಳು ಬಿಡಿಸುತ್ತಿದ್ದೆ. ಪೊರಕೆ ಗೋಡೆಗೆ ಉಜ್ಜುವ ಸದ್ದು ಕೇಳಿಸಿತು. ನೆಲದ ಸದ್ದಲ್ಲ, ಗೋಡೆಯದು. ಆಮೇಲೆ ಕೆಮ್ಮು. ಕೆಮ್ಮು ನಿಂತಿತು. ನಿಂತ ರೀತಿ ಸರಿಯೆನಿಸಲಿಲ್ಲ.

ಬಾಗಿಲು ತಳ್ಳಿ ಒಳಗೆ ಹೋದೆ. ಬೀರು ಅರ್ಧ ಸರಿದಿತ್ತು. ಅದರ ಹಿಂದಿನ ಬೂಷ್ಟನ್ನು ಯಾರ ಕಣ್ಣಿಗೂ ಬೀಳದ ಹಾಗೆ ಒಣ ಪೊರಕೆಯಲ್ಲಿ ಉಜ್ಜಿ ತೆಗೆದಿದ್ದಳು. ಕೋಣೆಯ ತುಂಬ ಕಪ್ಪು ಧೂಳು. ಅವಳು ಮಂಚದ ಅಂಚಿನಲ್ಲಿ ಎರಡೂ ಕೈ ಮೊಣಕಾಲಿನ ಮೇಲೆ ಊರಿ ಮುಂದಕ್ಕೆ ಬಾಗಿ ಕೂತಿದ್ದಳು. ಉಸಿರು ಒಳಗೆ ಹೋಗುತ್ತಿತ್ತು, ಹೊರಗೆ ಬರುವಾಗ ತೆಳ್ಳಗೆ ಶಿಳ್ಳೆ ಹೊಡೆದ ಹಾಗೆ ಕೇಳಿಸುತ್ತಿತ್ತು. ಕುತ್ತಿಗೆಯ ಗುಳಿ ಎಳೆದು ಎಳೆದು ಬೀಳುತ್ತಿತ್ತು. ಅವಳನ್ನು ಎತ್ತಿ ಹಿಡಿದು ಹೊರಗೆ ಕರೆದುಕೊಂಡು ಬಂದೆ. ಅವತ್ತೇ ಮೊದಲ ಸಲ ನಾನು ಅವಳನ್ನು ಮುಟ್ಟಿದ್ದು.

ಊರಿನ ಡಾಕ್ಟರು ಒಂದು ಇಂಜೆಕ್ಷನ್ ಕೊಟ್ಟು, ಸ್ವಲ್ಪ ಕಾದು, ಬೆರಳಿಗೆ ಸಿಕ್ಕಿಸಿದ ಯಂತ್ರ ನೋಡಿ, "ಹಾಸನಕ್ಕೆ ಕರ್ಕೊಂಡು ಹೋಗಿ ಮೇಷ್ಟ್ರೇ. ಈಗ್ಲೇ ಹೊರಡಿ," ಎಂದರು.

ಗಂಡ ಕಾರು ಓಡಿಸಿದರು. ನಾನು ಹಿಂದೆ ಅವಳ ಪಕ್ಕ ಕೂತೆ. ಕಿಟಕಿ ತೆರೆದರೆ ಧೂಳು, ಮುಚ್ಚಿದರೆ ಸೆಕೆ. ಅವಳು ಒರಗಲು ಒಪ್ಪುತ್ತಿರಲಿಲ್ಲ, ಮುಂದಿನ ಸೀಟು ಹಿಡಿದು ಬಾಗಿಯೇ ಇದ್ದಳು. ಮೊಸಳೆ ಎಂಬ ಊರಿನ ಹತ್ತಿರ ರೈಲ್ವೆ ಗೇಟು ಹಾಕಿತ್ತು. ಎದುರಿಗೆ ಲಾರಿ, ಅದರ ಮುಂದೆ ಕಬ್ಬಿನ ಟ್ರ್ಯಾಕ್ಟರ್. ರೈಲು ಎಲ್ಲೂ ಕಾಣುತ್ತಿರಲಿಲ್ಲ. ಗಂಡ ಇಳಿದು ಗೇಟಿನವರೆಗೆ ನಡೆದರು, ಗೇಟಿನವನ ಹತ್ತಿರ ಏನೋ ಹೇಳಿದರು, ಅವನು ಕೈಯಾಡಿಸಿದ. ವಾಪಸು ಬಂದು ಸ್ಟಿಯರಿಂಗ್ ಹಿಡಿದು ಕೂತರು.

"ಎಣಿಸ್ತಾ ಉಸಿರು ಬಿಡು," ಎಂದೆ ಅವಳಿಗೆ. "ನನ್ನ ಜೊತೆ."

ಅವಳು ನನ್ನ ಜೊತೆ ಬಿಟ್ಟಳು. ತುಟಿಯ ಬಣ್ಣ ನೋಡುತ್ತಿದ್ದೆ. ಬದುಕೆಲ್ಲ ಬಣ್ಣ ನೋಡಿದವಳು ನಾನು. ಯಾವುದಕ್ಕೆ ಎಷ್ಟು ಕಪ್ಪು, ಎಷ್ಟು ನೀಲಿ ಸೇರಿದರೆ ಏನಾಗುತ್ತದೆ ಎಂದು ಕಣ್ಣಂದಾಜಿನಲ್ಲೇ ಹೇಳಬಲ್ಲೆ. ಆ ಹುಡುಗಿಯ ತುಟಿಯಲ್ಲಿ ನೀಲಿ ಸೇರುತ್ತಿರುವುದನ್ನು ನೋಡುತ್ತ ಏನೂ ಮಾಡಲಾಗದೆ ಕೂತಿದ್ದೆ. ರೈಲು ಬಂತು, ಹೋಯಿತು, ಗೇಟು ಎದ್ದಿತು.

ಹಾಸನದ ಆಸ್ಪತ್ರೆಯಲ್ಲಿ ಮೂಗಿಗೆ ಮಾಸ್ಕು ಹಾಕಿ ಔಷಧಿಯ ಹೊಗೆ ಕೊಟ್ಟರು. ಒಮ್ಮೆ ಕೊಟ್ಟು ಸಾಲದೆ ಮತ್ತೆ ಕೊಟ್ಟರು. ಕತ್ತಲಾಗುವ ಹೊತ್ತಿಗೆ ಶಿಳ್ಳೆ ಸಣ್ಣಗಾಯಿತು, ತುಟಿ ತುಟಿಯ ಬಣ್ಣಕ್ಕೆ ಬಂತು. ಅಲ್ಲಿಯ ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವರು. ಮಂಚದ ಪಕ್ಕ ನಿಂತು ಕೇಳಿದರು: ಮನೆಯಲ್ಲಿ ನಾಯಿ ಬೆಕ್ಕು ಇದೆಯೇ, ಹೊಸ ಬಣ್ಣ ಏನಾದರೂ ಬಳಿಸಿದ್ದೀರಾ, ಗೋಡೆಯಲ್ಲಿ ತೇವ ಇದೆಯೇ.

"ಇಲ್ಲ," ಎಂದಳು ಹುಡುಗಿ ಮಾಸ್ಕಿನೊಳಗಿಂದಲೇ. ಆಮೇಲೆ ನನ್ನ ಮುಖ ನೋಡಿದಳು. ಆ ನೋಟದಲ್ಲಿ ಬೇಡಿಕೆಯಿತ್ತೋ ಎಚ್ಚರಿಕೆಯಿತ್ತೋ ಇವತ್ತಿಗೂ ನನಗೆ ಗೊತ್ತಿಲ್ಲ. ಗಂಡ ಗೋಡೆ ಗಡಿಯಾರ ನೋಡುತ್ತಿದ್ದರು.

"ಇದೆ," ಎಂದೆ. "ಇವಳ ಕೋಣೆಯಲ್ಲೇ. ಎಣ್ಣೆ ಬಣ್ಣದ ಹಿಂದೆ ಬೂಷ್ಟು ಬಂದಿದೆ. ಇವತ್ತು ಅದನ್ನ ಒಣ ಪೊರಕೇಲಿ ಗುಡಿಸಿದ್ಲು."

ಅವಳು ಆ ಕಡೆ ಮುಖ ತಿರುಗಿಸಿದಳು. ಡಾಕ್ಟರಮ್ಮ ಇನ್‌ಹೇಲರ್ ಬಳಸುವುದನ್ನು ಹೇಳಿಕೊಟ್ಟು, ಆ ಗೋಡೆ ಸರಿಯಾಗುವ ತನಕ ಅವಳು ಆ ಕೋಣೆಯಲ್ಲಿ ಮಲಗಕೂಡದು ಎಂದರು.

ಸುದ್ದಿ ತಿಳಿದು ಅವಳ ಅಜ್ಜಿ, ತಾಯಿಯ ತಾಯಿ, ಬಂದರು. ಹಿರೀಸಾವೆ ಹತ್ತಿರದ ಹಳ್ಳಿಯವರು. ಗಟ್ಟಿ ಹೆಂಗಸು, ಈಗಲೂ ತೆಂಗಿನ ತೋಟಕ್ಕೆ ತಾವೇ ನೀರು ಕಟ್ಟುವವರು. ನಾನು ಮದುವೆಯಾಗಿ ಬಂದ ಮೇಲೆ ಅವರು ಆ ಮನೆಗೆ ಕಾಲಿಟ್ಟಿರಲಿಲ್ಲ. ಬಂದವರು ಮೊಮ್ಮಗಳ ಹಣೆ ಮುಟ್ಟಿ ನೋಡಿ, ನಾನು ಕೊಟ್ಟ ಕಾಫಿಯನ್ನು ಕೆಳಗಿಟ್ಟು, ನಡುಮನೆಯ ಕಂಬಕ್ಕೆ ಒರಗಿ ಕೂತರು.

"ಬಣ್ಣದಂಗ್ಡೀರು ಬತ್ತಾವ್ರೆ ಅಂದಾಗ್ಲೇ ಅನ್ಕಂಡಿದ್ದೆ, ಗ್ವಾಡೆ ತಂಟೆಗೆ ಬತ್ತಾರೆ ಅಂತ."

"ಡಾಕ್ಟ್ರು ಹೇಳಿದ್ದಮ್ಮ," ಎಂದೆ.

"ಡಾಕ್ಟ್ರು ಬಂದು ಗ್ವಾಡೆ ನೋಡವ್ರಾ? ನೀನೇಳ್ದೆ, ಅವ್ರು ಊಂ ಅಂದ್ರು." ಮಗಳ ಬಣ್ಣದ ಆ ಕೋಣೆಯ ಕಡೆ ನೋಡಿ ಮತ್ತೆ ಹೇಳಿದರು. "ಅವ್ಳ ಸೀರೆಗೋಳ ಅಂಚ್ಬುಟ್ಟೆ. ಒಡ್ವೆ ಮಗೀಗಿರ್ಲಿ ಅಂತ ಎತ್ತಿಟ್ಟೆ. ಈ ಮನೇಲಿ ಅವ್ಳ ಕೈಯಾರೆ ಆಗಿದ್ದು ಅಂತ ಉಳ್ದಿರೋದು ಅದೊಂದೇ ಕಣಮ್ಮ. ಅದ್ನೂ ಕೆರ್ದಾಕ್ಬುಟ್ರೆ ಇನ್ನೇನೈತೆ."

ನನ್ನ ಗಂಡ ಕುರ್ಚಿಯಲ್ಲಿ ಕೂತು ದಿನಪತ್ರಿಕೆಯನ್ನು ಮಡಚುತ್ತಿದ್ದರು. ಮಡಚಿದ್ದನ್ನೇ ಮತ್ತೆ ಮಡಚುತ್ತಿದ್ದರು. ಇವರೊಂದು ಮಾತು ಆಡಬಾರದೇ ಎಂದು ನನಗೆ ಸಿಟ್ಟು ಉಕ್ಕಿತು. ಆ ಸಿಟ್ಟಿನಲ್ಲೇ ನನಗೆ ಮಾತು ಬಂದದ್ದು.

"ಅವಳು ಹೂಂ ಅನ್ನೋ ತನಕ ಒಂದು ಚಕ್ಕೇನೂ ಕೀಳಲ್ಲ ನಾನು. ಆದ್ರೆ ಆ ಕೋಣೇಲಿ ಅವಳನ್ನ ಮಲಗೋಕೂ ಬಿಡಲ್ಲ. ಬೀಗ ಹಾಕ್ತೀನಿ. ನಿಮಗೆ ಕೋಪ ಬಂದ್ರೆ ಬರ್ಲಿ."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಡಿ ಮಗ, ಊರ್ಗೋಗಾನ," ಎಂದು ಮೊಮ್ಮಗಳನ್ನು ಎಬ್ಬಿಸಿದರು. ರಜೆ ಹೇಗೂ ಶುರುವಾಗಿತ್ತು. ಹುಡುಗಿ ಒಂದು ಚೀಲ ತುಂಬಿಕೊಂಡು ಹೊರಟಳು. ಕೋಣೆಯ ಬೀಗದ ಕೈಯನ್ನು ನಾನು ಅವಳ ಕೈಗೇ ಕೊಟ್ಟೆ.

ಆ ವಾರಗಳು ಕೆಟ್ಟದಾಗಿದ್ದವು. ಅಂಗಡಿಯಲ್ಲಿ ಜನ ಬಂದು ಹಾಲ್‌ಗೆ ಯಾವ ಬಣ್ಣ, ಬೆಡ್‌ರೂಮಿಗೆ ಯಾವುದು ಹೊಂದುತ್ತದೆ ಎಂದು ಕೇಳುವಾಗ ನನಗೆ ನಗುವೂ ಬರುತ್ತಿತ್ತು, ಅಳುವೂ ಬರುತ್ತಿತ್ತು. ಡಬ್ಬದ ಮೇಲೆ ಎಲೆಯ ಚಿತ್ರವಿರುವ, ವಾಸನೆ ಕಡಿಮೆಯಿರುವ ಹೊಸ ಬಣ್ಣ ಬಂದಿತ್ತು. "ಅದನ್ನೇ ಬಳಿದ್ಬಿಡು ಅಕ್ಕ, ಪರಿಸರಸ್ನೇಹಿ," ಎಂದ ತಮ್ಮ. ಒಣಗಿದ ಗೋಡೆಗೆ ಅದು ಒಳ್ಳೆಯದೇ. ವಾಸನೆಗೆ ತಲೆನೋವು ಬರುವವರಿಗೆ, ಮಕ್ಕಳಿರುವ ಮನೆಗೆ ನಾನೇ ಕೊಟ್ಟಿದ್ದೇನೆ. ಆದರೆ ನೆಲದಿಂದ ನೀರು ಏರುವ ಮಣ್ಣಿನ ಗೋಡೆಗೆ ಅದೂ ಒಂದು ಹೊದಿಕೆಯೇ. ಅಪ್ಪ ಇಂಥ ಮನೆಯವರು ಬಂದರೆ ಅಂಗಡಿಯಲ್ಲಿದ್ದ ಡಬ್ಬ ಯಾವುದನ್ನೂ ಕೊಡದೆ, ಹಿಂದಿನ ತೊಟ್ಟಿಯಲ್ಲಿ ನೀರಿನಡಿ ನೆನೆಹಾಕಿಟ್ಟ ಸುಣ್ಣವನ್ನು ಕೊಡುತ್ತಿದ್ದರು. ಆ ತೊಟ್ಟಿ ಈಗಲೂ ಇತ್ತು. ಸುಣ್ಣವೂ ಇತ್ತು, ಬೆಣ್ಣೆಯಂತೆ.

ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ಅಲ್ಲಿ ಇಳಿದು ಹಿರೀಸಾವೆಗೆ ಇನ್ನೊಂದು ಬಸ್ಸು. ಹೆದ್ದಾರಿಯ ಹೋಟೆಲುಗಳ ಮುಂದೆ ಇಳಿದು ಆಟೋ ಹಿಡಿದು ಹಳ್ಳಿಗೆ ಹೋದೆ. ಅಜ್ಜಿ ತೋಟಕ್ಕೆ ಹೋಗಿದ್ದರು. ಹುಡುಗಿ ಒಬ್ಬಳೇ ಹಿತ್ತಲ ಕಟ್ಟೆಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಕೆಮ್ಮು ಇರಲಿಲ್ಲ. ಕೆನ್ನೆ ಸ್ವಲ್ಪ ತುಂಬಿತ್ತು.

ನಾನೂ ಒಂದು ಹಿಡಿ ಹುಣಸೆಹಣ್ಣು ತೆಗೆದುಕೊಂಡು ಬಿಡಿಸಲು ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಶುರುಮಾಡಿದಳು.

"ಗೋಡೆ ಉಸಿರಾಡುತ್ತೆ, ಅದನ್ನ ಉಸಿರಾಡೋಕೆ ಬಿಡಬೇಕು ಅಂತೆಲ್ಲ ಹೇಳ್ಬೇಡಿ. ನಾನು ಸೈನ್ಸ್ ತಗೊಂಡಿರೋದು."

"ಹೇಳಲ್ಲ. ನೀರು ಮೇಲೆ ಹತ್ತುತ್ತೆ, ಆರೋಕೆ ದಾರಿ ಇಲ್ಲ. ಅಷ್ಟೇ."

"ಗೊತ್ತು." ಒಂದು ಬೀಜ ತೆಗೆದು ಪಕ್ಕಕ್ಕಿಟ್ಟಳು. "ಕೆರೆದ ಮೇಲೆ ಅದೇ ಬಣ್ಣ ಮತ್ತೆ ಬರುತ್ತಾ?"

ಬರುತ್ತದೆ ಎಂದುಬಿಟ್ಟಿದ್ದರೆ ಅವಳು ಅಲ್ಲೇ ಒಪ್ಪುತ್ತಿದ್ದಳು. ಅದು ನನಗೆ ಗೊತ್ತಿತ್ತು. ಅಂಗಡಿಯಲ್ಲಿ ದಿನವೂ ಕೇಳುವ ಪ್ರಶ್ನೆ ಅದು.

"ಬರಲ್ಲ. ಸುಣ್ಣಕ್ಕೆ ಏನು ಸೇರಿಸಿದ್ರೂ ಅದು ತಿಳಿಯಾಗುತ್ತೆ. ನೀಲಿ ಬರುತ್ತೆ, ಆ ನೀಲಿ ಬರಲ್ಲ. ಹೊಳೆಯೋದೂ ಇಲ್ಲ."

ಅವಳು ಅಳಲಿಲ್ಲ. ಬುಟ್ಟಿಯ ಹಣ್ಣನ್ನೆಲ್ಲ ಬಿಡಿಸಿ ಮುಗಿಸಿದಳು. ಆಮೇಲೆ, "ನಾನೇ ಕೆರೀತೀನಿ," ಎಂದಳು.

"ನಿನಗೆ ಆಗಲ್ಲ. ಆ ಧೂಳಿಗೆ ನೀನು ಹೋಗಕೂಡದು."

"ಹಾಗಾದ್ರೆ ಅಪ್ಪ ಕೆರೀಲಿ. ಆಳು ಬೇಡ. ನೀವೂ ಬೇಡ. ಅಪ್ಪನೇ ಒಳಗೆ ಹೋಗಿ ಪೂರ್ತಿ ಕೆರೀಲಿ." ಜೇಬಿನಿಂದ ಬೀಗದ ಕೈ ತೆಗೆದು ಕಟ್ಟೆಯ ಮೇಲಿಟ್ಟಳು.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಆಗಲ್ಲ ಎಂದರು. ತಮಗೆ ಆ ಕೆಲಸ ಬರುವುದಿಲ್ಲ, ಬೆನ್ನು ನೋವು, ಯಾರಾದರೂ ಪೇಂಟರನ್ನು ಕರೆಸೋಣ, ಅವಳಿಗೆ ಗೊತ್ತಾಗುವುದಿಲ್ಲ. ನಾನು ಬೀಗದ ಕೈಯನ್ನು ಅವರ ಚಷ್ಮಾದ ಪಕ್ಕ ಇಟ್ಟು ಅಂಗಡಿಗೆ ಹೋದೆ. ಮೂರು ನಾಲ್ಕು ದಿನ ಅದು ಅಲ್ಲೇ ಇತ್ತು. ಚಷ್ಮಾ ತೆಗೆದುಕೊಳ್ಳುವಾಗ ಅವರ ಕೈ ಅದನ್ನು ತಾಗದಂತೆ ಸುತ್ತಿ ಹೋಗುತ್ತಿತ್ತು. ಅನ್ನ ಬಡಿಸಿದರೆ ಉಣ್ಣುವುದು, ಇಲ್ಲದಿದ್ದರೆ ಇಲ್ಲ. ನಾನು ಈ ಮನೆಗೆ ಬಂದದ್ದೇ ಸರಿಯಿರಲಿಲ್ಲವೇನೋ ಎಂದು ಆ ದಿನಗಳಲ್ಲಿ ಅನ್ನಿಸಿದ್ದು ಸುಳ್ಳಲ್ಲ.

ಭಾನುವಾರ ಬೆಳಿಗ್ಗೆ ಅವರು ಹಳೆಯ ಪಂಚೆ ಉಟ್ಟು ನನ್ನ ಮುಂದೆ ಬಂದು ನಿಂತರು. "ಯಾವುದ್ರಲ್ಲಿ ಕೆರೀಬೇಕು?"

ಮೂಗಿಗೆ ಕಟ್ಟುವ ಗಟ್ಟಿ ಮಾಸ್ಕು, ಕೈಗವಸು, ಕೆರೆಯುವ ಪಟ್ಟಿ, ನೀರು ಚಿಮುಕಿಸುವ ಪಂಪು ಎಲ್ಲ ತಂದಿಟ್ಟಿದ್ದೆ. ಒಣ ಗೋಡೆ ಕೆರೆಯಬಾರದು, ಹಳೆಯ ಎಣ್ಣೆ ಬಣ್ಣದಲ್ಲಿ ಸೀಸವಿರಬಹುದು, ಮೊದಲು ನೆನೆಸಿ ಆಮೇಲೆ ಕೆರೆಯಿರಿ, ಬಿದ್ದದ್ದನ್ನು ಒದ್ದೆಯಿರುವಾಗಲೇ ಚೀಲಕ್ಕೆ ತುಂಬಿ ಎಂದು ಹೇಳಿಕೊಟ್ಟೆ. ಅವರು ಬೀಗ ತೆಗೆದು ಒಳಗೆ ಹೋದರು. ನಾನು ನಡುಮನೆಯಲ್ಲಿ ಕೂತೆ. ಅಷ್ಟರಲ್ಲಿ ಅಜ್ಜಿ ಬಂದರು. ಅಪ್ಪ ಕೆರೆಯುತ್ತಾರೋ ಇಲ್ಲವೋ ನೋಡಿಕೊಂಡು ಬಾ ಎಂದು ಮೊಮ್ಮಗಳು ಕಳಿಸಿದ್ದಳು. ಅವರೂ ಕಂಬಕ್ಕೆ ಒರಗಿ ಕೂತರು. ನಾವಿಬ್ಬರೂ ಆ ಸದ್ದು ಕೇಳುತ್ತ ಕೂತೆವು. ಕರ್, ಕರ್. ಮಧ್ಯೆ ಮಧ್ಯೆ ಪಂಪಿನ ಸದ್ದು. ಬಣ್ಣ ಹಾಳೆ ಹಾಳೆಯಾಗಿ ಬೀಳುವುದು ಕೇಳಿಸುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಸದ್ದು ನಿಂತಿತು. ತುಂಬಾ ಹೊತ್ತು ನಿಂತಿತ್ತು. ನಾನು ಎದ್ದೆ. ಅಜ್ಜಿ ನನ್ನ ಸೆರಗು ಹಿಡಿದು ಕೂರಿಸಿದರು.

"ಓಗ್ಬ್ಯಾಡ. ಬುಡು."

ಒಳಗಿಂದ ಅವರು ಅಳುವುದು ಕೇಳಿಸಿತು. ಮಾಸ್ಕು ಹಾಕಿಕೊಂಡೇ ಅಳುತ್ತಿದ್ದರು, ದನಿ ಮುಚ್ಚಿದ ಪಾತ್ರೆಯೊಳಗಿಂದ ಬಂದ ಹಾಗಿತ್ತು. ಹೆಂಡತಿ ಸತ್ತಾಗ ಅಳಿಯ ಅತ್ತಿರಲಿಲ್ಲ ಎಂದು ಅಜ್ಜಿ ಆಮೇಲೆ ಹೇಳಿದರು. ಎಲ್ಲ ಓಡಾಟ ತಾನೇ ಮಾಡಿ, ಎಲ್ಲರಿಗೂ ಊಟ ಹಾಕಿಸಿ, ಶಾಲೆಗೆ ಹೋಗಿಬಿಟ್ಟರಂತೆ. ಅದಕ್ಕೇ ಆಕೆಗೆ ಅವರ ಮೇಲೆ ಕೋಪವಿತ್ತಂತೆ, ನನ್ನ ಮೇಲಲ್ಲ. ನನ್ನ ಮೇಲೂ ಸ್ವಲ್ಪ ಇತ್ತು ಎಂದರು, ಸುಳ್ಳು ಹೇಳಬಾರದು ಎಂದು.

ಸದ್ದು ಮತ್ತೆ ಶುರುವಾಯಿತು. ಸಂಜೆಗೆ ಎರಡು ಗೋಡೆ ಮುಗಿದವು, ಮುಂದಿನ ರಜಾದಿನಗಳಲ್ಲಿ ಉಳಿದೆರಡು. ಅಜ್ಜಿ ಹೊರಡುವಾಗ ನಾನು ಕೊಟ್ಟ ಕಾಫಿ ಕುಡಿದರು.

ಬರೀ ಗೋಡೆ ಬೇಸಿಗೆಯೆಲ್ಲ ಹಾಗೇ ಇತ್ತು. ಎರಡೂ ಕಿಟಕಿ ತೆರೆದು ಫ್ಯಾನು ಹಾಕಿ ಆರಲು ಬಿಟ್ಟೆವು. ಉಬ್ಬಿ ಬಂದ ಉಪ್ಪನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದೆವು, ಬಿದ್ದ ಗಾರೆಯನ್ನು ಸುಣ್ಣ ಮರಳಿನಲ್ಲೇ ತೇಪೆ ಹಾಕಿಸಿದೆ, ಸಿಮೆಂಟು ಮುಟ್ಟಿಸಲಿಲ್ಲ. ಗೋಡೆ ಪೂರ್ತಿ ಆರಿದ ಮೇಲೆ ಹುಡುಗಿ ಮನೆಗೆ ವಾಪಸಾದಳು. ಕೋಣೆಯ ಹೊಸ್ತಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. ಬೂದು ಬಣ್ಣದ ಬೋಳು ಗೋಡೆ. ಆಮೇಲೆ ನನ್ನ ಕೋಣೆಗೆ ಬಂದು ತನ್ನ ಹಾಸಿಗೆ ಬಿಚ್ಚಿಕೊಂಡಳು. ಗಂಡ ನಡುಮನೆಯಲ್ಲಿ ಮಲಗತೊಡಗಿದರು.

ಬಣ್ಣ ಆರಿಸುವ ಕೆಲಸ ಸುಲಭವಾಗಲಿಲ್ಲ. ಅರಕಲಗೂಡಿನಿಂದ ಸುಣ್ಣವನ್ನೂ ನೀಲಿಯನ್ನೂ ಹಳದಿ ಮಣ್ಣನ್ನೂ ಕಾವಿಯನ್ನೂ ತಂದೆ. ಅವಳಿಗೆ ನಾಲ್ಕೂ ಗೋಡೆ ನೀಲಿಯೇ ಬೇಕು, ಆದಷ್ಟು ಗಾಢವಾಗಿ. ಬಕೆಟ್ಟಿಗೆ ನೀಲಿ ಸುರಿಯುತ್ತಲೇ ಹೋದಳು.

"ಅಷ್ಟು ಹಿಡಿಯಲ್ಲ ಸುಣ್ಣ. ಪುಡಿಪುಡಿಯಾಗಿ ಉದುರುತ್ತೆ," ಎಂದೆ.

"ನೋಡೋಣ."

"ನೋಡೋದೇನು, ನಾನು ನೋಡಿದೀನಿ."

"ನಾನು ನೋಡಿಲ್ಲ."

ಒಂದು ಮೂಲೆಯಲ್ಲಿ ಬಳಿದಳು. ಹಸಿಯಿದ್ದಾಗ ಅದು ಹೆಚ್ಚುಕಮ್ಮಿ ಆ ಹಳೆಯ ನೀಲಿಯೇ. ಅವಳ ಮುಖ ಅರಳಿತು. ನಾನು ಬಕೆಟ್ಟು ತೊಳೆಯಲು ಹೋದೆ. ಮಾರನೆಯ ದಿನ ಆರಿ, ಮಂಕಾಗಿ, ಕಲೆಕಲೆಯಾಗಿತ್ತು. ಕೈಯಿಂದ ಒರೆಸಿದಳು, ಬೆರಳಿಗೆಲ್ಲ ನೀಲಿ ಪುಡಿ. ಬ್ರಷ್ಷು ಎಸೆದು ಹೋದಳು. ಸಂಜೆ ತನಕ ಹಿತ್ತಲಲ್ಲೇ ಕೂತಿದ್ದಳು. ಮತ್ತೆ ಉಸಿರು ಬಿಗಿಯುತ್ತದೇನೋ ಎಂದು ನಾನು ಇನ್‌ಹೇಲರನ್ನು ಕೈಗೆ ಸಿಗುವಲ್ಲಿ ಇಟ್ಟುಕೊಂಡು ಅವಳ ಸುತ್ತಲೇ ಸುಳಿಯುತ್ತಿದ್ದೆ.

"ಒಂದು ಮಾಡು," ಎಂದೆ ಕೊನೆಗೆ. "ನಿಮ್ಮಮ್ಮನ ಬಣ್ಣಕ್ಕೆ ಹತ್ತಿರ ಯಾವುದು ಅಂತ ಹುಡುಕಬೇಡ. ಈ ಕೋಣೆಗೆ ಯಾವುದು ಸರಿ ಅಂತ ಹುಡುಕು. ಕೆಳಗೆ ಕೆಂಪು ಗಾರೆ ನೆಲ ಇದೆ, ಹೊನ್ನೆ ಮರದ ಕಿಟಕಿ ಇದೆ. ಅವು ಎಲ್ಲೂ ಹೋಗಲ್ಲ. ಗೋಡೆ ಅವುಗಳ ಜೊತೆ ಇರಬೇಕು."

ಅಪ್ಪ ಅಂಗಡಿಯಲ್ಲಿ ಮಾಡುತ್ತಿದ್ದ ಹಾಗೆ ರಟ್ಟಿನ ದೊಡ್ಡ ತುಂಡುಗಳಿಗೆ ಒಂದೊಂದು ಬಣ್ಣ ಬಳಿದು ಒಣಗಿಸಿಕೊಟ್ಟೆ. ಅಂಗೈಯಗಲದ ಚೂರನ್ನು ಟ್ಯೂಬ್‌ಲೈಟಿನಲ್ಲಿ ನೋಡಿ ಬಣ್ಣ ಆರಿಸುವವರು ಬಳಿದ ಮೇಲೆ ಪಶ್ಚಾತ್ತಾಪ ಪಡುತ್ತಾರೆ. ಅವಳು ರಟ್ಟುಗಳನ್ನು ಗೋಡೆಗೆ ಒರಗಿಸಿ ಬೆಳಗಿನ ಬಿಸಿಲಿನಲ್ಲಿ ನೋಡಿದಳು, ಮಧ್ಯಾಹ್ನ ನೋಡಿದಳು, ದೀಪ ಹಾಕಿ ನೋಡಿದಳು. ಕೆಂಪು ನೆಲದ ಛಾಯೆ ಬಿದ್ದು ಬಿಳಿ ಬಣ್ಣವೂ ಗುಲಾಬಿಯಾಗಿ ಕಾಣುವುದನ್ನು ಅವಳೇ ಕಂಡುಹಿಡಿದಳು. ಒಂದು ನೀಲಿಯಂತೂ ನೆಲದ ಪಕ್ಕ ಇಟ್ಟರೆ ಕಿರಿಚುತ್ತಿತ್ತು. ಅದಕ್ಕೆ ಚಿಟಿಕೆ ಕಾವಿ ಬೆರೆಸಿದರೆ ತಣ್ಣಗಾಯಿತು. "ಹೇಗೆ?" ಎಂದು ಕೇಳಿದಳು. ನೆಲದ ಬಣ್ಣವನ್ನೇ ಸ್ವಲ್ಪ ಗೋಡೆಗೂ ಕೊಟ್ಟರೆ ಎರಡಕ್ಕೂ ನೆಂಟಸ್ತಿಕೆ ಬರುತ್ತದೆ ಎಂದೆ. ನೆಂಟಸ್ತಿಕೆ ಎಂಬ ಮಾತು ಬಾಯಿಂದ ಬಂದ ಮೇಲೆ ಇಬ್ಬರೂ ಸ್ವಲ್ಪ ಹೊತ್ತು ಬೇರೆ ಕಡೆ ನೋಡಿದೆವು.

ಕೊನೆಗೆ ಮೂರು ಗೋಡೆಗೆ ಹಳದಿ ಮಣ್ಣಿನ ಒಂದಿಷ್ಟು ಛಾಯೆಯ ಬಿಳಿ, ಕಿಟಕಿಯೆದುರಿನ ಒಂದು ಗೋಡೆಗೆ ಮಾತ್ರ ನೀಲಿ. ಒಗೆದು ಒಗೆದು ಮಾಸಿದ ಸ್ಕೂಲ್ ಯೂನಿಫಾರ್ಮಿನಂಥ ನೀಲಿ. ಬಳಿದದ್ದು ನಾನೂ ಗಂಡನೂ. ಅವಳು ಹೊಸ್ತಿಲಲ್ಲಿ ಕುರ್ಚಿ ಹಾಕಿಕೊಂಡು, ಕಣ್ಣಿಗೆ ಸುಣ್ಣ ಸಿಡಿಯುತ್ತೆ, ನೀವು ಕನ್ನಡಕ ಯಾಕೆ ತೆಗೆದಿರಿ ಅಪ್ಪ ಎಂದು ಗದರುತ್ತಿದ್ದಳು. ವಾಸನೆ ಏನಿತ್ತು ಎಂದರೆ ಮೊದಲ ಮಳೆ ಬಿದ್ದ ಮಣ್ಣಿನದು, ಅದೂ ಎರಡು ದಿನಕ್ಕೆ ಹೋಯಿತು.

ಆದರೆ ನನ್ನ ಭಯ ಹೋಗಿರಲಿಲ್ಲ. ನಿಜವಾದ ಪರೀಕ್ಷೆ ಮಳೆಗಾಲ. ಜೂನ್ ಬಂತು. ಅವಳು ತನ್ನ ಕೋಣೆಗೆ ವಾಪಸಾದಳು. ಹೊಳೆ ತುಂಬಿತು. ಗೋಡೆಯ ಬುಡದಲ್ಲಿ ಒಂದು ಗೇಣು ಎತ್ತರಕ್ಕೆ ಬಣ್ಣ ಕಪ್ಪಾಯಿತು, ಅಂಗೈ ಇಟ್ಟು ನೋಡಿದೆ, ಒದ್ದೆ. ಗಂಡ ದಿನವೂ ಬೆಳಿಗ್ಗೆ ಒಳಗೆ ಹೋಗಿ ಬಗ್ಗಿ ಅದನ್ನು ನೋಡಿ ಬರುತ್ತಿದ್ದರು. ಹೊಸ್ತಿಲಾಚೆ ನಿಲ್ಲುವುದು ಬಿಟ್ಟುಹೋಗಿತ್ತು. ಒಂದು ವಾರ ಜಡಿಮಳೆ. ಅವಳಿಗೆ ನೆಗಡಿಯಾಯಿತು, ಕೆಮ್ಮಿದಳು. ನಾನು ಅಂಗಡಿಗೆ ಹೋಗಲಿಲ್ಲ. ಅವಳು ಉಸಿರಾಡುವುದನ್ನೇ ಕೇಳುತ್ತ ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದೆ. ಶಿಳ್ಳೆ ಬರಲಿಲ್ಲ. ನೆಗಡಿ ನೆಗಡಿಯಾಗಿಯೇ ಹೋಯಿತು. ಮಳೆ ಬಿಟ್ಟು ಬಿಸಿಲು ಬಿದ್ದ ಕೆಲವು ದಿನಗಳಲ್ಲಿ ಗೋಡೆಯ ಬುಡ ತಾನಾಗಿ ಆರಿ ಮೊದಲಿನ ಬಣ್ಣಕ್ಕೆ ಬಂತು. ಹಾಸನದ ಡಾಕ್ಟರಮ್ಮ ಎದೆಗೆ ಯಂತ್ರ ಇಟ್ಟು ಕೇಳಿ, ಔಷಧಿ ಕಡಿಮೆ ಮಾಡಿದರು. ಇನ್‌ಹೇಲರು ಚೀಲದಲ್ಲಿ ಇರಲೇಬೇಕು, ಅದು ಇವತ್ತಿಗೂ ಇದೆ.

ಗೌರಿ ಹಬ್ಬಕ್ಕೆ ಅಜ್ಜಿ ಬಾಗಿನ ಹಿಡಿದು ಬಂದರು. ಒಂದು ಮೊರ ಮೊಮ್ಮಗಳಿಗೆ, ಇನ್ನೊಂದು ನನಗೆ. ಕೋಣೆಯೊಳಗೆ ಹೋಗಿ ನೀಲಿ ಗೋಡೆಯ ಮುಂದೆ ನಿಂತರು.

"ಚೆಂದಾಗೈತೆ ಅನ್ನಾಕಿಲ್ಲ ನಾನು," ಎಂದರು. "ಮಗ ಚೆಂದಾಗವ್ಳೆ. ಅಷ್ಟ್ ಸಾಕು."

ಊಟವಾದ ಮೇಲೆ ನಡುಮನೆಯ ಮಾತು ಬಂತು. ಕ್ರೀಮ್ ಬಣ್ಣ ತೀರಾ ಮಾಸಿದೆ, ಇದನ್ನೂ ಸರಿಮಾಡಿಸೋಣ ಎಂದರು ಗಂಡ, ತಿಳಿ ಹಸಿರು ಒಳ್ಳೆಯದು ಎಂದರು. ಕೆಂಪು ನೆಲಕ್ಕೆ ಆ ಹಸಿರು ಹೊಂದುವುದೇ ಇಲ್ಲ ಎಂದು ಮಗಳು ಎದ್ದು ನಿಂತಳು. ಹೊಂದುತ್ತದೆ ಎಂದರು ಅವರು. ರಟ್ಟಿನ ಮೇಲೆ ಬಳಿದು ತೋರಿಸಿ ನೋಡೋಣ ಎಂದಳು ಅವಳು. ಅಜ್ಜಿ ಅರಿಶಿನವೇ ಸರಿ ಎಂದರು. ಮೂವರ ದನಿಯೂ ಏರಿತು. ಆ ಮನೆಯಲ್ಲಿ ಅಷ್ಟು ಗಲಾಟೆಯನ್ನು ನಾನು ಕೇಳಿಯೇ ಇರಲಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ. ಒಲೆಯ ಮೇಲೆ ಕಾಫಿಗೆ ಹಾಲು ಉಕ್ಕುವ ಹಾಗಿತ್ತು, ಎದ್ದು ಒಳಗೆ ಹೋದೆ.